ಜುಂಬಿಯ ಕಥೆಯನ್ನು ಹಾಡಿದವರು

ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ನಡುಭಾಗದಲ್ಲಿ ತೆಯೊಡೊರೊ ಬಾಯ್ಮಾ ಎಂಬ ಚಿಕ್ಕ ಬೀದಿಯೊಂದಿದೆ. ಅಲ್ಲೊಂದು ಪುಟ್ಟ ನಾಟಕಮಂದಿರ, ಹೆಸರು ಅರೇನಾ. ಇನ್ನೂರು ಜನ ಬಂದರೆ ಕೂರಲು ಜಾಗ ಸಾಲದು. ಎತ್ತರದ ವೇದಿಕೆಯಿಲ್ಲ, ಎಳೆಯಲು ಪರದೆಯಿಲ್ಲ. ನಡುವೆ ಆಡುವ ಅಂಗಳ, ಅದರ ಸುತ್ತ ಕೈಯಳತೆಯ ದೂರದಲ್ಲೇ ಪ್ರೇಕ್ಷಕರು. 1965ರ ಮೇ 1ರಂದು, ಕಾರ್ಮಿಕರ ದಿನದಂದೇ, ಕೆಲವೇ ನಟನಟಿಯರು ಈ ಅಂಗಳಕ್ಕೆ ಇಳಿದು ಮುನ್ನೂರು ವರ್ಷ ಹಿಂದಿನ ಕಥೆಯೊಂದನ್ನು ಹಾಡತೊಡಗಿದರು. ಗುಲಾಮರಾಗಿ ಹಡಗಿನಲ್ಲಿ ಬಂದು, ಕಾಡಿಗೆ ಓಡಿ, ಅಲ್ಲಿ ತಮ್ಮದೇ ನಾಡು ಕಟ್ಟಿಕೊಂಡು, ಅದನ್ನು ಉಳಿಸಿಕೊಳ್ಳಲು ಸಾಯುವವರೆಗೆ ಕಾದಾಡಿದ ಕಪ್ಪು ಜನರ ಕಥೆ ಅದು. ನಾಟಕದ ಹೆಸರು ‘ಅರೇನಾ ಕೊಂತಾ ಜುಂಬಿ’, ಅಂದರೆ ಅರೇನಾ ಹೇಳುವ ಜುಂಬಿಯ ಕಥೆ. ಬರೆದವರು ಜಾನ್‌ಫ್ರಾನ್ಸೆಸ್ಕೊ ಗ್ವಾರ್ನಿಯೇರಿ ಮತ್ತು ಅಗಸ್ಟೊ ಬೊಆಲ್. ನಿರ್ದೇಶನವೂ ಬೊಆಲ್ ಅವರದೇ. ಸಂಗೀತ ಎಡು ಲೋಬೊ ಎಂಬ 21 ವರ್ಷದ ಹುಡುಗನದು.

ಹೊರಗೆ ಬೀದಿಯಲ್ಲಿ ಸೇನೆಯ ಆಡಳಿತ. ಹಿಂದಿನ ವರ್ಷದ ಮಾರ್ಚ್ ಕೊನೆಯಲ್ಲಿ, ಏಪ್ರಿಲ್ ಮೊದಲ ದಿನಗಳಲ್ಲಿ, ಬ್ರೆಜಿಲ್‌ನ ಸೇನಾಧಿಕಾರಿಗಳು ಸಂವಿಧಾನಬದ್ಧವಾಗಿ ಅಧಿಕಾರದಲ್ಲಿದ್ದ ಅಧ್ಯಕ್ಷ ಜೊವಾವೊ ಗೊಲಾರ್ಟ್ ಅವರನ್ನು ಇಳಿಸಿ ಅಧಿಕಾರ ಹಿಡಿದಿದ್ದರು. ರೈತ ಸಂಘಗಳನ್ನು ಮುರಿದಿದ್ದರು, ವಿದ್ಯಾರ್ಥಿ ಸಂಘದ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು, ಕಾರ್ಮಿಕ ಮುಖಂಡರು ಸೆರೆಮನೆಯಲ್ಲಿದ್ದರು. ನಾಟಕದವರ ಮುಂದೆ ಒಂದು ಕಠಿಣ ಪ್ರಶ್ನೆಯಿತ್ತು. ಸೋತಿದ್ದೇವೆ ಎಂದು ಹೇಳುವುದು ಹೇಗೆ? ಸೋತರೂ ಮುಗಿದಿಲ್ಲ ಎಂದು ಹೇಳುವುದು ಹೇಗೆ? ನೇರವಾಗಿ ಹೇಳಿದರೆ ಬಾಗಿಲಿಗೆ ಬೀಗ ಬೀಳುತ್ತದೆ. ಅವರು ಇತಿಹಾಸದ ಕಡೆ ತಿರುಗಿದರು.

ಅವರು ತಿರುಗಿ ನೋಡಿದ ಇತಿಹಾಸ ಎಂಥದು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದು ಗೊತ್ತಿಲ್ಲದೆ ಈ ಹಾಡುಗಳ ತೂಕ ತಿಳಿಯುವುದಿಲ್ಲ.

ಅಟ್ಲಾಂಟಿಕ್ ಸಾಗರವನ್ನು ದಾಟಿಸಲೆಂದು ಆಫ್ರಿಕಾದ ತೀರದಲ್ಲಿ ಹಡಗು ಹತ್ತಿಸಿದ ಗುಲಾಮರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಜೀವಂತವಾಗಿ ಬ್ರೆಜಿಲ್‌ನಲ್ಲಿ ಇಳಿದವರು ಸುಮಾರು 48 ಲಕ್ಷ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ನೇರವಾಗಿ ತಂದು ಇಳಿಸಿದವರು 4 ಲಕ್ಷಕ್ಕೂ ಕಡಿಮೆ. ಗುಲಾಮಗಿರಿ ಎಂದೊಡನೆ ನಮ್ಮ ಓದುಗರಿಗೆ ಹತ್ತಿಹೊಲ, ಮಿಸಿಸಿಪ್ಪಿ, ಅಬ್ರಹಾಂ ಲಿಂಕನ್ ನೆನಪಾಗುವುದು ಸಹಜ. ಆದರೆ ಈ ವ್ಯಾಪಾರದ ಅತಿ ದೊಡ್ಡ ಸಂತೆ ಇದ್ದದ್ದು ಪೋರ್ಚುಗೀಸರ ಬ್ರೆಜಿಲ್‌ನಲ್ಲಿ. ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಎಲ್ಲರಿಗಿಂತ ಕೊನೆಗೆ, 1888ರಲ್ಲಿ, ಕೈಬಿಟ್ಟ ದೇಶವೂ ಅದೇ.

ಈಶಾನ್ಯದ ಪೆರ್ನಾಂಬುಕೊ ಪ್ರಾಂತ್ಯ ಕಬ್ಬಿನ ನಾಡು. ಅಲ್ಲಿನ ಆಲೆಗಳು ಕಬ್ಬು ಕಡಿಯುವ ಕಾಲದಲ್ಲಿ ಹಗಲುರಾತ್ರಿ ತಿರುಗುತ್ತಿದ್ದವು. ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಕ್ಕಿಕೊಂಡರೆ ತೋಳು ಕಡಿಯಲೆಂದು ಹತ್ತಿರದಲ್ಲೇ ಕತ್ತಿ ಇಟ್ಟಿರುತ್ತಿದ್ದರು. ಕೊಪ್ಪರಿಗೆಯ ಬಿಸಿ, ಚಾಟಿ, ನಿದ್ದೆಯಿಲ್ಲದ ರಾತ್ರಿಗಳು. ಅಲ್ಲಿಂದ ಜನ ತಪ್ಪಿಸಿಕೊಂಡು ಓಡುತ್ತಿದ್ದರು. ಓಡಿದವರು ಒಳನಾಡಿನ ತಾಳೆಮರಗಳ ದಟ್ಟ ಕಾಡಿನಲ್ಲಿ ಸೇರಿ ಕಟ್ಟಿಕೊಂಡ ಊರುಗಳ ಕೂಟಕ್ಕೆ ಪಾಲ್ಮಾರಿಸ್ ಎಂಬ ಹೆಸರು ಬಂತು. ಹೀಗೆ ಓಡಿಹೋದವರ ಊರನ್ನು ಬ್ರೆಜಿಲ್‌ನಲ್ಲಿ ಕಿಲೊಂಬೊ ಎನ್ನುತ್ತಾರೆ. ಇಂಥವು ದೇಶದ ಉದ್ದಗಲಕ್ಕೂ ಇದ್ದವು, ಆದರೆ ಪಾಲ್ಮಾರಿಸ್‌ನಷ್ಟು ದೊಡ್ಡದು, ಅಷ್ಟು ಕಾಲ ಬಾಳಿದ್ದು ಬೇರೊಂದಿಲ್ಲ. ಹದಿನೇಳನೆಯ ಶತಮಾನದ ಬಹುಪಾಲು ಅದು ನಿಂತಿತ್ತು. ಒಂದಲ್ಲ, ಹಲವು ಊರುಗಳು: ಮಕಾಕೊ, ಸುಬುಪಿರಾ, ಅಮಾರೊ, ಅಕೊತಿರೆನೆ, ತಬೋಕಾಸ್. ಮುಖ್ಯ ಊರಾದ ಮಕಾಕೊ ಇದ್ದದ್ದು ಇಂದಿನ ಅಲಗೋವಾಸ್ ರಾಜ್ಯದ ಸೆರ್ರಾ ದ ಬಾರ್ರಿಗಾ ಎಂಬ ಬೆಟ್ಟದ ಮೇಲೆ, ಸುತ್ತ ಮರದ ದಿಮ್ಮಿಗಳ ಕೋಟೆ. ಜನ ಮೆಕ್ಕೆಜೋಳ, ಮರಗೆಣಸು, ಬಾಳೆ, ಅವರೆ ಬೆಳೆಯುತ್ತಿದ್ದರು. ತಾಳೆಯ ಎಣ್ಣೆ ತೆಗೆಯುತ್ತಿದ್ದರು, ಕಬ್ಬಿಣ ಕಾಯಿಸಿ ಹತಾರ ಮಾಡುತ್ತಿದ್ದರು. ಅಂಚಿನ ಊರುಗಳ ಬಿಳಿಯ ವ್ಯಾಪಾರಿಗಳೂ ಗುಟ್ಟಾಗಿ ಬಂದು ಇವರ ಬೆಳೆ ಕೊಂಡು ಬಂದೂಕು, ಮದ್ದು, ಉಪ್ಪು ಕೊಡುತ್ತಿದ್ದರು. 1990ರ ದಶಕದಲ್ಲಿ ಆ ಬೆಟ್ಟದಲ್ಲಿ ಅಗೆದ ಪುರಾತತ್ವ ತಜ್ಞರಿಗೆ ಅಲ್ಲಿನ ಮೂಲನಿವಾಸಿಗಳ ಶೈಲಿಯ ಮಡಿಕೆಗಳೂ ಸಿಕ್ಕವು. ಗುಲಾಮಗಿರಿಯಿಂದ ಓಡಿದ ಆಫ್ರಿಕನ್ನರ ಜೊತೆ ನೆಲ ಕಳೆದುಕೊಂಡ ಮೂಲನಿವಾಸಿಗಳೂ ಅಲ್ಲಿ ಬಾಳಿದ್ದರು.

ಈ ನಾಡನ್ನು ಮುರಿಯಲು ಪೋರ್ಚುಗೀಸರು ದಂಡಿನ ಮೇಲೆ ದಂಡು ಕಳಿಸಿದರು. ನಡುವೆ ಕೆಲಕಾಲ ಪೆರ್ನಾಂಬುಕೊವನ್ನು ಹಿಡಿದಿದ್ದ ಡಚ್ಚರೂ ಕಳಿಸಿದರು. 1677ರಲ್ಲಿ ಫೆರ್ನಾವೊ ಕಾರ್ರಿಲ್ಯೊ ಎಂಬ ದಳಪತಿ ಪಾಲ್ಮಾರಿಸ್‌ಗೆ ದೊಡ್ಡ ಪೆಟ್ಟು ಕೊಟ್ಟ. ಮರುವರ್ಷ ಅಲ್ಲಿನ ನಾಯಕ ಗಂಗಾ ಜುಂಬಾ ಗವರ್ನರನ ಜೊತೆ ಒಪ್ಪಂದಕ್ಕೆ ಬಂದ. ಒಪ್ಪಂದದ ಷರತ್ತು ಇದು: ಪಾಲ್ಮಾರಿಸ್‌ನಲ್ಲೇ ಹುಟ್ಟಿದವರು ಸ್ವತಂತ್ರರು, ಹೊರಗಿನಿಂದ ಓಡಿಬಂದವರನ್ನು ಮಾತ್ರ ಅವರವರ ಒಡೆಯರಿಗೆ ಒಪ್ಪಿಸಬೇಕು. ಅಂದರೆ ಒಂದೇ ಮನೆಯಲ್ಲಿ ಮಗು ಸ್ವತಂತ್ರ, ಅದನ್ನು ಹೆತ್ತ ತಾಯಿ ಮತ್ತೆ ಗುಲಾಮಳು. ಗಂಗಾ ಜುಂಬಾ ತನ್ನವರನ್ನು ಕರೆದುಕೊಂಡು ಕುಕಾವು ಎಂಬ ಕಣಿವೆಗೆ ಇಳಿದ. ಜುಂಬಿ ಎಂಬ ಯುವ ದಳಪತಿ ಇಳಿಯಲಿಲ್ಲ. ಎಲ್ಲರಿಗೂ ಸಿಗದ ಸ್ವಾತಂತ್ರ್ಯ ತನಗೆ ಬೇಡವೆಂದು ಬೆಟ್ಟದಲ್ಲೇ ಉಳಿದ. ಎರಡೇ ವರ್ಷದಲ್ಲಿ ಕುಕಾವು ನಾಶವಾಯಿತು, ಮಾತು ಕೊಟ್ಟವರೇ ಅಲ್ಲಿದ್ದವರನ್ನು ಮತ್ತೆ ಸಂಕೋಲೆಗೆ ಹಾಕಿದರು. ಜುಂಬಿ ಇನ್ನೂ ಹದಿನೈದು ವರ್ಷ ಕಾದಾಡಿದ.

ಕೊನೆಗೆ ದಕ್ಷಿಣದ ಸಾವೊ ಪಾಲೊ ಸೀಮೆಯಿಂದ ಡೊಮಿಂಗೊಸ್ ಜಾರ್ಜ್ ವೆಲ್ಯೊ ಎಂಬವನನ್ನು ಕೂಲಿಗೆ ಕರೆಸಲಾಯಿತು. ಕಾಡು ನುಗ್ಗಿ ಮೂಲನಿವಾಸಿಗಳನ್ನು ಹಿಡಿದು ಮಾರುವುದೇ ಅವನ ಕಸುಬಾಗಿತ್ತು. ಗೆದ್ದರೆ ನೆಲ, ಸೆರೆಯಾಳುಗಳಲ್ಲಿ ಪಾಲು. ಫಿರಂಗಿಗಳನ್ನು ಬೆಟ್ಟಕ್ಕೆ ಎಳೆದು ತಂದರು. 1694ರ ಫೆಬ್ರುವರಿ 6ರಂದು ಮಕಾಕೊ ಬಿತ್ತು. ಗಾಯಗೊಂಡ ಜುಂಬಿ ತಪ್ಪಿಸಿಕೊಂಡ. 1695ರ ನವೆಂಬರ್ 20ರಂದು, ತನ್ನವನೊಬ್ಬನ ದ್ರೋಹದಿಂದ ಅಡಗುತಾಣ ಬಯಲಾಗಿ, ಕೊಲೆಯಾದ. ಅವನ ತಲೆಯನ್ನು ರೆಸಿಫೆ ನಗರಕ್ಕೆ ಒಯ್ದು ಕಂಬದ ಮೇಲೆ ನಿಲ್ಲಿಸಿದರು. ಅವನಿಗೆ ಸಾವಿಲ್ಲ ಎಂದು ಕಪ್ಪು ಜನ ನಂಬಿದ್ದರಂತೆ. ಆ ನಂಬಿಕೆ ಒಡೆಯಲೆಂದೇ ಹೀಗೆ ಮಾಡಿದೆವು ಎಂದು ಗವರ್ನರ್ ದೊರೆಗೆ ಬರೆದ.

ಇಲ್ಲಿ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಪಾಲ್ಮಾರಿಸ್ ಬಗ್ಗೆ ನಮಗೆ ಉಳಿದಿರುವ ಎಲ್ಲ ಕಾಗದಪತ್ರಗಳೂ ಅದನ್ನು ಸುಡಲು ಹೋದವರು ಬರೆದವು. ಗವರ್ನರನ ಪತ್ರ, ದಳಪತಿಯ ವರದಿ, ಬಹುಮಾನ ಬೇಡುವ ಅರ್ಜಿ. ಪಾಲ್ಮಾರಿಸ್‌ನ ಒಬ್ಬ ಹೆಣ್ಣುಮಗಳು, ಒಬ್ಬ ಮುದುಕ, ಒಬ್ಬ ಕಮ್ಮಾರ ತನ್ನ ಬಾಯಿಂದ ಹೇಳಿದ ಒಂದು ಸಾಲೂ ನಮ್ಮ ಕೈಗೆ ಬಂದಿಲ್ಲ. ಜುಂಬಿ ಬೆಟ್ಟದ ಅಂಚಿನಿಂದ ಹಾರಿ ಪ್ರಾಣ ಬಿಟ್ಟನೆಂದು ಎಷ್ಟೋ ಕಾಲ ಶಾಲೆಯ ಪುಸ್ತಕಗಳು ಹೇಳುತ್ತಿದ್ದವು. ಅವನ ಹೆಂಡತಿಯೆಂದು ಜನ ಹೇಳುವ ದಂಡಾರಾ ಯಾವ ದಾಖಲೆಯಲ್ಲೂ ಇಲ್ಲ, ಜನರ ಮಾತಿನಲ್ಲಿ ಮಾತ್ರ ಇದ್ದಾಳೆ. ಗೆದ್ದವರ ಕಾಗದಗಳ ಸಂದಿಯಲ್ಲಿ ಸೋತವರ ದನಿ ಹುಡುಕುವ ಕೆಲಸವನ್ನು ಎಡಿಸನ್ ಕಾರ್ನೇರೊ, ಕ್ಲೋವಿಸ್ ಮೌರಾ ಮುಂತಾದ ವಿದ್ವಾಂಸರು 1940, 50ರ ದಶಕಗಳಲ್ಲಿ ಮಾಡಿದರು. ವಿದ್ವಾಂಸರು ಮುಟ್ಟಲಾಗದ ಜಾಗ ಆಮೇಲೂ ಉಳಿಯುತ್ತದೆ. ಹಾಡು ಒಳಗೆ ಬರುವುದು ಅಲ್ಲಿಗೆ.

ಮತ್ತೆ ಅರೇನಾದ ಅಂಗಳಕ್ಕೆ ಬರೋಣ. ಎಡು ಲೋಬೊ ಕವಿ ವಿನಿಸಿಯಸ್ ದ ಮೊರಾಯಿಸ್ ಅವರೊಡನೆ ಜುಂಬಿಯ ಮೇಲೆ ಮೊದಲೇ ಒಂದು ಹಾಡು ಕಟ್ಟಿದ್ದರು. ಪಾಲ್ಮಾರಿಸ್ ಕುರಿತು ಜೊವಾವೊ ಫೆಲಿಸಿಯೊ ದೊಸ್ ಸಾಂತೊಸ್ ಬರೆದ ‘ಗಂಗಾ ಜುಂಬಾ’ ಎಂಬ ಕಾದಂಬರಿಯೂ ಇತ್ತು. ಹಾಡು ಬೀಜವಾಯಿತು, ಕಾದಂಬರಿ ನೆಲವಾಯಿತು. ಗ್ವಾರ್ನಿಯೇರಿ ಮತ್ತು ಬೊಆಲ್ ನಾಟಕ ಬರೆದರು. ಗ್ವಾರ್ನಿಯೇರಿ ಇಟಲಿಯ ಮಿಲಾನ್‌ನಲ್ಲಿ ಹುಟ್ಟಿ ಬ್ರೆಜಿಲ್‌ನಲ್ಲಿ ಬೆಳೆದವರು. ಕಾರ್ಖಾನೆಯ ಮುಷ್ಕರವನ್ನು ಕುರಿತ ಅವರ ನಾಟಕ 1958ರಲ್ಲಿ ಇದೇ ಅರೇನಾಕ್ಕೆ ಹೆಸರು ತಂದಿತ್ತು. ಅವರು ಈ ನಾಟಕದಲ್ಲಿ ನಟರೂ ಹೌದು.

ಆದರೆ ಆ ಪುಟ್ಟ ಅಂಗಳದಲ್ಲಿ ಸಮುದ್ರ, ಹಡಗು, ಸಾವಿರಾರು ಜನ, ಕಾಡು, ಯುದ್ಧ ಎಲ್ಲವನ್ನೂ ತರುವುದು ಹೇಗೆ? ದುಡ್ಡೂ ಇಲ್ಲ, ಜಾಗವೂ ಇಲ್ಲ. ಬೊಆಲ್ ಕಂಡುಕೊಂಡ ದಾರಿ ಕನ್ನಡದ ರಸಿಕರಿಗೆ ಅಷ್ಟೇನೂ ಹೊಸದೆನಿಸದು. ತಾಳಮದ್ದಲೆಯಲ್ಲಿ ವೇಷವಿಲ್ಲದೆ, ಪಂಚೆ ಶಲ್ಯದಲ್ಲೇ ಕೂತ ಅರ್ಥಧಾರಿ ಮಾತಿನ ಬಲದಿಂದಲೇ ಕರ್ಣನಾಗುತ್ತಾನಲ್ಲ, ಹಾಗೆ ಇಲ್ಲಿಯೂ ನಟರು ತಮ್ಮ ದಿನನಿತ್ಯದ ಪ್ಯಾಂಟು ಅಂಗಿಗಳಲ್ಲೇ ನಿಂತರು. ಬೊಆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಾವ ಪಾತ್ರವೂ ಯಾವ ನಟನ ಸೊತ್ತೂ ಅಲ್ಲ. ಈ ದೃಶ್ಯದಲ್ಲಿ ಜುಂಬಿಯಾದವನು ಮುಂದಿನ ದೃಶ್ಯದಲ್ಲಿ ಗವರ್ನರ್, ಅದರಾಚೆ ಗುಲಾಮರ ವ್ಯಾಪಾರಿ. ಪ್ರೇಕ್ಷಕ ಪಾತ್ರವನ್ನು ಗುರುತಿಸಬೇಕಾದದ್ದು ಮುಖದಿಂದಲ್ಲ, ನಿಲುವಿನಿಂದ, ನಡಿಗೆಯಿಂದ, ದನಿಯಿಂದ. ಇದರಿಂದ ನಾಯಕನೊಬ್ಬನ ಮೇಲಿನ ಮೋಹ ಕಡಿಮೆಯಾಗುತ್ತದೆ, ಕಥೆ ಇಡೀ ಗುಂಪಿನದಾಗುತ್ತದೆ. ನಡುನಡುವೆ ನಟರು ಪಾತ್ರದಿಂದ ಹೊರಬಂದು ನೇರವಾಗಿ ಜನರೊಡನೆ ಮಾತಾಡುತ್ತಾರೆ. ಈ ಪದ್ಧತಿಯನ್ನು ಬೊಆಲ್ ಮುಂದೆ ‘ಕೊರಿಂಗಾ’ ಎಂದು ಕರೆದು ಬೆಳೆಸಿದರು, ಇಸ್ಪೀಟಿನ ಜೋಕರ್ ಎಲೆಯ ಹೆಸರು ಅದು. 1967ರಲ್ಲಿ ‘ಅರೇನಾ ಕೊಂತಾ ತಿರಾದೆಂತೆಸ್’ ನಾಟಕ ಬರುವ ಹೊತ್ತಿಗೆ ಅದಕ್ಕೆ ಪೂರ್ತಿ ರೂಪ ಬಂದಿತ್ತು. ಆದರೆ ಅದು ಹುಟ್ಟಿದ್ದು ಜುಂಬಿಯಲ್ಲಿ, ಕೈಯಲ್ಲಿ ಏನೂ ಇಲ್ಲದಾಗ.

ಒಂದೇ ನಾಟಕದಲ್ಲಿ ಎಲ್ಲ ಬಗೆಯೂ ಬೆರೆಯಿತು. ಒಂದು ದೃಶ್ಯ ಕಣ್ಣೀರು ತರಿಸುತ್ತದೆ, ಅದರ ಬೆನ್ನಿಗೇ ಒಂದು ಪ್ರಹಸನ. ಗುಲಾಮರ ಹಡಗಿನ ಕತ್ತಲೆ, ಕಾಡಿನಲ್ಲಿ ಊರು ಕಟ್ಟುವ ಸಡಗರ, ಬೆಳೆ ಕೊಳ್ಳಲು ಬಂದು ನಗುನಗುತ್ತಾ ವ್ಯಾಪಾರ ಮಾಡಿ, ಲಾಭದ ಲೆಕ್ಕ ತಿರುಗಿದೊಡನೆ ಅದೇ ಜನರ ಮೇಲೆ ದಂಡು ತರುವ ಬಿಳಿಯ ವರ್ತಕರು. ಈ ವರ್ತಕರ ಭಾಗ ಕಾದಂಬರಿಕಾರನ ಕಲ್ಪನೆಯಲ್ಲ ಎಂಬುದು ಮೇಲಿನ ಇತಿಹಾಸದಿಂದಲೇ ಗೊತ್ತಾಗುತ್ತದೆ.

ನಾಟಕದ ಅತ್ಯಂತ ಧೈರ್ಯದ ಜಾಗವೆಂದರೆ ಗವರ್ನರ್ ದೊಂ ಐರಿಸ್‌ನ ಭಾಷಣ. ಸೈನ್ಯದ ಕೆಲಸ ಹೊರಗಿನ ವೈರಿಯನ್ನು ಎದುರಿಸುವುದಷ್ಟೇ ಅಲ್ಲ, ಒಳಗಿನ ವೈರಿಯನ್ನು ಹತ್ತಿಕ್ಕುವುದು ಎಂಬ ಅರ್ಥದಲ್ಲಿ ಅವನು ಮಾತಾಡುತ್ತಾನೆ. ಆ ಮಾತುಗಳನ್ನು ಬೊಆಲ್ ಮತ್ತು ಗ್ವಾರ್ನಿಯೇರಿ ಎಲ್ಲಿಂದ ತಂದರು? ಆಗಿನ ಸೇನಾ ಅಧ್ಯಕ್ಷ ಕಾಸ್ತೆಲೊ ಬ್ರಾಂಕೊ ಮಾಡಿದ ಭಾಷಣದಿಂದ. ಪತ್ರಿಕೆಯಲ್ಲಿ ಅಚ್ಚಾಗಿದ್ದ ಮಾತುಗಳನ್ನೇ ಎತ್ತಿ ಹದಿನೇಳನೆಯ ಶತಮಾನದ ಗವರ್ನರನ ಬಾಯಿಗೆ ಹಾಕಿದರು. ಆ ಭಾಷಣವನ್ನು ಪತ್ರಿಕೆಯಲ್ಲಿ ಓದಿದ್ದ ಪ್ರೇಕ್ಷಕರಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಸರ್ಕಾರಕ್ಕೆ ಬಂದ ಇಕ್ಕಟ್ಟನ್ನು ನೋಡಿ: ಈ ಮಾತು ಗುಲಾಮರ ಒಡೆಯನಿಗೆ ಒಪ್ಪುತ್ತದೆಂದು ನಿಷೇಧಿಸಿದರೆ, ತಮ್ಮ ಅಧ್ಯಕ್ಷನ ಮಾತು ಗುಲಾಮರ ಒಡೆಯನ ಮಾತೆಂದು ಒಪ್ಪಿಕೊಂಡಂತೆ.

ಇನ್ನು ಸಂಗೀತ. ಹಾಡಿಲ್ಲದೆ ಈ ನಾಟಕವಿಲ್ಲ. ಮಾತಿನಲ್ಲಿ ಹೇಳಿದರೆ ಪೇಲವವೆನಿಸುವ ನೇರ ಸಂಗತಿಗಳನ್ನು ಸಂಗೀತ ಕೇಳುಗನ ಎದೆಗೆ ಒಪ್ಪಿಸಬಲ್ಲದು, ಸಂಗೀತ ನೆಲವನ್ನು ಹದಮಾಡಿ ಕೊಟ್ಟರೆ ಅತಿ ಸರಳ ಮಾತೂ ಬೇರೂರುತ್ತದೆ ಎಂಬರ್ಥದ ಮಾತನ್ನು ಬೊಆಲ್ ಮುಂದೆ ಬರೆದರು. ಎಡು ಲೋಬೊ ಅದನ್ನು ಸಾಧಿಸಿದ ಬಗೆ ಬೆರಗು ಹುಟ್ಟಿಸುತ್ತದೆ. ಅವರು ರಿಯೊ ನಗರದ ಬೊಸ್ಸಾ ನೋವಾ ಪೀಳಿಗೆಯವರು. ಆ ಸಂಗೀತ ಮೃದು, ಕಡಲತೀರದ ಮನೆಗಳಲ್ಲಿ ಗಿಟಾರಿನೊಡನೆ ಪಿಸುದನಿಯಲ್ಲಿ ಹಾಡುವಂಥದು. ಲೋಬೊ ಅದರ ಸ್ವರಜೋಡಣೆಯ ನಯವನ್ನು ಉಳಿಸಿಕೊಂಡು, ಅದಕ್ಕೆ ಈಶಾನ್ಯ ಬ್ರೆಜಿಲ್‌ನ ಜನಪದ ಮಟ್ಟುಗಳನ್ನೂ ಆಫ್ರಿಕನ್ ಮೂಲದ ತಾಳಗಳನ್ನೂ ಬೆಸೆದರು. ಅವರ ತಂದೆಯ ಊರು ಪೆರ್ನಾಂಬುಕೊದ ರೆಸಿಫೆ, ಜುಂಬಿಯ ತಲೆಯನ್ನು ಕಂಬಕ್ಕೇರಿಸಿದ ಅದೇ ನಗರ. ಬಾಲ್ಯದ ರಜೆಗಳಲ್ಲಿ ಅಲ್ಲಿ ಕೇಳಿದ ಸಂಗೀತ ಅವರ ಕಿವಿಯಲ್ಲಿತ್ತು. ನಾಟಕ ಆರಂಭವಾಗುವ ತಿಂಗಳ ಮೊದಲಷ್ಟೇ, 1965ರ ಏಪ್ರಿಲ್‌ನಲ್ಲಿ, ಅವರದೇ ‘ಅರಸ್ತಾವೊ’ ಹಾಡನ್ನು ಗಾಯಕಿ ಎಲಿಸ್ ರೆಜಿನಾ ದೂರದರ್ಶನದ ಹಾಡುಗಳ ಸ್ಪರ್ಧೆಯಲ್ಲಿ ಹಾಡಿ ಮೊದಲ ಬಹುಮಾನ ಗೆದ್ದಿದ್ದರು.

ಜುಂಬಿಯ ಹಾಡುಗಳಲ್ಲಿ ಇಂದಿಗೂ ಬ್ರೆಜಿಲ್‌ನಲ್ಲಿ ಮನೆಮಾತಾಗಿರುವುದು ‘ಉಪಾ ನೆಗಿನ್ಯೊ’. ಸಾಹಿತ್ಯ ಗ್ವಾರ್ನಿಯೇರಿಯವರದು. ಆಗತಾನೆ ಹೆಜ್ಜೆ ಇಡಲು ಕಲಿಯುತ್ತಿರುವ ಒಂದು ಕಪ್ಪು ಮಗುವನ್ನು ಹುರಿದುಂಬಿಸುವ ಹಾಡು ಅದು. ತಾಳ ಚುರುಕು, ಎಡವಿ ಎದ್ದು ಮತ್ತೆ ಹೆಜ್ಜೆ ಹಾಕುವ ಲಯ. ಕೇಳಿದರೆ ಮಕ್ಕಳ ಹಾಡಿನಂತೆ ಉಲ್ಲಾಸ. ಆದರೆ ಮಗು ನಡೆಯುತ್ತಿರುವುದು ಎತ್ತ ಎಂಬುದು ನಾಟಕ ನೋಡಿದವರಿಗೆ ಗೊತ್ತು, ಮುಂದೆ ಕಾದಿರುವುದು ಯುದ್ಧ. ಈ ಎರಡನ್ನೂ ಒಂದೇ ಮಟ್ಟಿನಲ್ಲಿ ಹಿಡಿದದ್ದು ದೊಡ್ಡ ಸಾಧನೆ. ಎಲಿಸ್ ರೆಜಿನಾ ಈ ಹಾಡನ್ನು ತಮ್ಮದಾಗಿಸಿಕೊಂಡು ದೇಶದ ಮೂಲೆಮೂಲೆಗೂ, ಹೊರದೇಶಗಳ ವೇದಿಕೆಗಳಿಗೂ ಒಯ್ದರು. ನಾಟಕ ನೋಡದ ಲಕ್ಷಾಂತರ ಜನರಿಗೆ ಪಾಲ್ಮಾರಿಸ್‌ನ ಮಗು ಮುಟ್ಟಿದ್ದು ಹೀಗೆ.

ನಾಟಕ ಅರೇನಾದಲ್ಲಿ ಬಹುಕಾಲ ನಡೆಯಿತು. ವಿದ್ಯಾರ್ಥಿಗಳು ಮತ್ತೆ ಮತ್ತೆ ಬಂದರು. 1969ರಲ್ಲಿ ನ್ಯೂಯಾರ್ಕ್‌ವರೆಗೂ ಹೋಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳಲೇಬೇಕು. ಅದನ್ನು ಮರೆತರೆ ಜುಂಬಿಗೆ ಅನ್ಯಾಯವಾಗುತ್ತದೆ. 1965ರ ಆ ಅಂಗಳದಲ್ಲಿ ಕಪ್ಪು ಜನರ ಕಥೆ ಹೇಳಿದ ನಟರಲ್ಲಿ ಹೆಚ್ಚಿನವರು ಬಿಳಿಯರು, ಪ್ರೇಕ್ಷಕರಲ್ಲಿಯೂ ಹೆಚ್ಚಿನವರು ಬಿಳಿಯ ಮಧ್ಯಮವರ್ಗದವರು. ಯಾರು ಯಾವ ಪಾತ್ರವನ್ನಾದರೂ ಆಡಬಹುದು ಎಂಬ ಪದ್ಧತಿ ಕಲೆಯ ದೃಷ್ಟಿಯಿಂದ ಸೊಗಸು. ಆದರೆ ಕಪ್ಪು ನಟರಿಗೆ ರಂಗದ ಬಾಗಿಲೇ ತೆರೆಯದ ದೇಶದಲ್ಲಿ, ಎಲ್ಲರೂ ಎಲ್ಲ ಪಾತ್ರವನ್ನೂ ಆಡಬಹುದು ಎಂದರೆ ಆಡುವವರು ಯಾರು? ಜುಂಬಿ ಅಲ್ಲಿ ಸೇನೆಗೆ ಸೋತ ವಿದ್ಯಾರ್ಥಿಗಳ, ಎಡಪಂಥೀಯರ ರೂಪಕವಾದ. ಅವನು ತನ್ನ ಜನರ ಪೂರ್ವಿಕನೂ ಹೌದು ಎಂಬುದು ಹಿಂದೆ ಸರಿಯಿತು.

ಕಪ್ಪು ನಟರು ಇರಲಿಲ್ಲ ಎನ್ನುವ ಹಾಗೂ ಇಲ್ಲ. ಅಬ್ದಿಯಾಸ್ ದೊ ನಾಸಿಮೆಂತೊ 1944ರಲ್ಲೇ ರಿಯೊದಲ್ಲಿ ‘ಕಪ್ಪು ಜನರ ಪ್ರಯೋಗಾತ್ಮಕ ರಂಗಭೂಮಿ’ ಎಂಬ ತಂಡ ಕಟ್ಟಿದ್ದರು. ಮನೆಗೆಲಸದವರು, ಕೂಲಿಗಳು ಅಲ್ಲಿ ಅಕ್ಷರ ಕಲಿಯುತ್ತಲೇ ನಟನೆ ಕಲಿತರು. 1945ರ ಮೇ 8ರಂದು, ಯುರೋಪಿನಲ್ಲಿ ಯುದ್ಧ ಮುಗಿದ ದಿನವೇ, ರಿಯೊದ ಮುನಿಸಿಪಲ್ ಥಿಯೇಟರ್‌ನಲ್ಲಿ ಅವರು ಯೂಜೀನ್ ಓನೀಲ್‌ನ ‘ಎಂಪರರ್ ಜೋನ್ಸ್’ ಆಡಿದರು. ಅರೇನಾ ಬಳಸಿಕೊಂಡ ಅದೇ ಕಾದಂಬರಿಯಿಂದ ಕಾರ್ಲೋಸ್ ಡಿಯೆಗಸ್ ಮಾಡಿದ ‘ಗಂಗಾ ಜುಂಬಾ’ ಸಿನಿಮಾದಲ್ಲಿ ನಾಯಕನಾಗಿದ್ದವರು ಕಪ್ಪು ನಟ ಆಂಟೋನಿಯೊ ಪಿಟಾಂಗಾ. ಇವೆಲ್ಲಕ್ಕಿಂತ ಮುಖ್ಯವಾಗಿ, ರಿಯೊದ ಬಡ ಗುಡ್ಡಗಳ ಸಾಂಬಾ ತಂಡಗಳು ಪಾಲ್ಮಾರಿಸನ್ನು ಹಾಡುತ್ತಲೇ ಇದ್ದವು. 1960ರ ಕಾರ್ನಿವಲ್‌ನಲ್ಲಿ ಸಲ್ಗೇರೊ ತಂಡ ಜುಂಬಿಯ ಪಾಲ್ಮಾರಿಸನ್ನೇ ತನ್ನ ವಸ್ತುವಾಗಿ ಬೀದಿಗೆ ತಂದಿತ್ತು. ಅರೇನಾಕ್ಕಿಂತ ಐದು ವರ್ಷ ಮೊದಲು, ಸಾವಿರಾರು ಜನರ ಎದುರು.

ಯಾರ ಕಥೆಯನ್ನು ಯಾರು ಆಡಬೇಕು ಎಂಬ ಈ ಪ್ರಶ್ನೆ ಬೊಆಲ್ ಅವರನ್ನು ಬೇರೊಂದು ದಿಕ್ಕಿನಿಂದ ಮೊದಲೇ ಮುಟ್ಟಿತ್ತು. ಸೇನೆ ಬರುವ ಮೊದಲಿನ ದಿನಗಳಲ್ಲಿ ಅರೇನಾ ತಂಡ ಈಶಾನ್ಯದ ಬಡ ರೈತರ ನಡುವೆ ನಾಟಕ ಆಡಿತ್ತು. ನಟರು ಬಂದೂಕು ಎತ್ತಿ ಹಿಡಿದು, ನೆಲಕ್ಕಾಗಿ ರಕ್ತ ಹರಿಸಬೇಕೆಂದು ಹಾಡಿ ಮುಗಿಸಿದರು. ಆಗ ವಿರ್ಜೀಲಿಯೊ ಎಂಬ ರೈತ ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ಹೇಳಿದನಂತೆ: ನೀವೂ ನಮ್ಮ ಹಾಗೇ ಯೋಚಿಸುತ್ತೀರಿ, ಬನ್ನಿ, ನಿಮ್ಮ ಬಂದೂಕು ತನ್ನಿ, ಭೂಮಾಲೀಕನ ಮೇಲೆ ಹೋಗೋಣ. ಬಂದೂಕು ಮರದ್ದು, ಉಪಯೋಗಕ್ಕೆ ಬಾರದು ಎಂದರು ಬೊಆಲ್. ಹಾಗಾದರೆ ಬಂದೂಕು ಬಿಡಿ, ನೀವು ಬನ್ನಿ, ನಮ್ಮಲ್ಲಿ ಎಲ್ಲರಿಗಾಗುವಷ್ಟು ಇದೆ ಎಂದ ರೈತ. ನಾವು ಕಲಾವಿದರು, ರೈತರಲ್ಲ ಎಂದು ಇವರು ತಡವರಿಸಿದರು. ಹಾಗಾದರೆ ನೀವು ಹಾಡಿದ ಆ ರಕ್ತ ನಮ್ಮದು, ನಿಮ್ಮದಲ್ಲ ಎಂಬುದು ಅವನಿಗೆ ತಿಳಿದುಹೋಯಿತು. ಬೊಆಲ್ ಈ ಘಟನೆಯನ್ನು ಜೀವನಪೂರ್ತಿ ಹೇಳುತ್ತಾ ಬಂದರು.

1968ರ ಡಿಸೆಂಬರ್ 13ರಂದು ಸೇನಾ ಸರ್ಕಾರ ಉಳಿದಿದ್ದ ಹಕ್ಕುಗಳನ್ನೂ ಕಿತ್ತುಕೊಂಡಿತು. 1971ರಲ್ಲಿ ಬೊಆಲ್ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಬಿಡುಗಡೆಯಾದ ಮೇಲೆ ಅವರು ಅರ್ಜೆಂಟೀನಾಕ್ಕೆ ಹೋದರು, ವರ್ಷಗಟ್ಟಲೆ ದೇಶಭ್ರಷ್ಟರಾಗಿ ಬಾಳಿದರು. 1974ರಲ್ಲಿ ಅವರ ‘ತುಳಿತಕ್ಕೊಳಗಾದವರ ರಂಗಭೂಮಿ’ ಪುಸ್ತಕ ಹೊರಬಂತು. ಅದರಲ್ಲಿ ನಟ ಮತ್ತು ಪ್ರೇಕ್ಷಕ ಎಂಬ ಗೋಡೆಯನ್ನೇ ಕೆಡವಿದರು: ಕಷ್ಟ ಯಾರದೋ ಅವರೇ ಅಂಗಳಕ್ಕೆ ಬಂದು ಕಥೆಯನ್ನು ತಿದ್ದಬೇಕು. ಜುಂಬಿ ನಾಟಕದಲ್ಲಿ ನಟರು ಪಾತ್ರಗಳನ್ನು ಹಂಚಿಕೊಂಡಿದ್ದರು, ಇಲ್ಲಿ ರಂಗವನ್ನೇ ಜನರೊಡನೆ ಹಂಚಿಕೊಂಡಾಯಿತು. ಈ ಪದ್ಧತಿ ನಮ್ಮ ದೇಶಕ್ಕೂ ಬಂತು, ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ ದಶಕಗಳಿಂದ ಹಳ್ಳಿಗಳಲ್ಲಿ ಅದನ್ನು ನಡೆಸಿಕೊಂಡು ಬಂದಿದೆ.

ಜುಂಬಿಯನ್ನು ಅವನ ಜನ ಮರಳಿ ಪಡೆದ ಕಥೆಯೂ ಅದೇ ಕಾಲದ್ದು. 1971ರಲ್ಲಿ, ಸರ್ವಾಧಿಕಾರದ ಅತ್ಯಂತ ಕ್ರೂರ ವರ್ಷಗಳ ನಡುವೆ, ದಕ್ಷಿಣದ ಪೋರ್ತೊ ಅಲೆಗ್ರೆ ನಗರದಲ್ಲಿ ಕವಿ ಒಲಿವೇರಾ ಸಿಲ್ವೇರಾ ಮತ್ತು ಗೆಳೆಯರು ‘ಪಾಲ್ಮಾರಿಸ್ ಬಳಗ’ ಕಟ್ಟಿ, ಮೇ 13ರ ಬದಲು ನವೆಂಬರ್ 20ನ್ನು ಆಚರಿಸಿದರು. ಮೇ 13 ಎಂದರೆ 1888ರಲ್ಲಿ ರಾಜಕುಮಾರಿ ಇಸಾಬೆಲ್ ವಿಮೋಚನೆಯ ಕಾನೂನಿಗೆ ಸಹಿ ಹಾಕಿದ ದಿನ. ಆ ಕಾನೂನು ಗುಲಾಮರಿಗೆ ಒಂದು ತುಂಡು ನೆಲವನ್ನೂ ಒಂದು ಶಾಲೆಯನ್ನೂ ಕೊಡಲಿಲ್ಲ. ನವೆಂಬರ್ 20 ಜುಂಬಿ ಸತ್ತ ದಿನ. ಕೊಟ್ಟ ಸ್ವಾತಂತ್ರ್ಯದ ದಿನಕ್ಕಿಂತ ಹೋರಾಡಿದವನ ದಿನ ದೊಡ್ಡದೆಂದು ಅವರು ತೀರ್ಮಾನಿಸಿದರು. 1978ರ ಜುಲೈ 7ರಂದು ಸಾವೊ ಪಾಲೊದ ಮುನಿಸಿಪಲ್ ಥಿಯೇಟರ್‌ನ ಮೆಟ್ಟಿಲುಗಳ ಮೇಲೆ ಸಾವಿರಾರು ಕಪ್ಪು ಜನ ಸೇರಿ ವರ್ಣಭೇದದ ವಿರುದ್ಧ ದನಿಯೆತ್ತಿದರು. ಅರೇನಾದಿಂದ ಅಲ್ಲಿಗೆ ನಡೆದೇ ಹೋಗಬಹುದು. ಆ ಚಳವಳಿಯೇ ಮುಂದೆ ನವೆಂಬರ್ 20ನ್ನು ‘ಕಪ್ಪು ಪ್ರಜ್ಞೆಯ ದಿನ’ವೆಂದು ಸಾರಿತು.

ಹಾಡೂ ಅವರ ಜೊತೆಗೇ ನಡೆಯಿತು. 1981ರ ನವೆಂಬರ್‌ನಲ್ಲಿ ಕಪ್ಪು ಗಾಯಕ ಮಿಲ್ಟನ್ ನಾಸಿಮೆಂತೊ ಸಂಗೀತ ಹೊಂದಿಸಿದ ‘ಕಿಲೊಂಬೊಗಳ ಪೂಜೆ’ ರೆಸಿಫೆಯ ಬಯಲಲ್ಲಿ ನಡೆಯಿತು. ಜುಂಬಿಯ ತಲೆಯನ್ನು ಪ್ರದರ್ಶಿಸಿದ ಊರಿನಲ್ಲೇ ಅವನಿಗೆ ಗೌರವ ಸಂದಿತು. 1984ರಲ್ಲಿ ಡಿಯೆಗಸ್ ಮತ್ತೆ ‘ಕಿಲೊಂಬೊ’ ಎಂಬ ಸಿನಿಮಾ ಮಾಡಿದರು, ಸಂಗೀತ ಜಿಲ್ಬೆರ್ತೊ ಜಿಲ್ ಅವರದು. 1988ರಲ್ಲಿ, ವಿಮೋಚನೆಯ ನೂರನೆಯ ವರ್ಷದಲ್ಲಿ, ವಿಲಾ ಇಸಾಬೆಲ್ ಎಂಬ ಸಾಂಬಾ ತಂಡ ಜುಂಬಿಯನ್ನು ಕೊಂಡಾಡುವ ‘ಕಿಜೊಂಬಾ’ ಎಂಬ ವಸ್ತುವಿನೊಡನೆ ಬಂದು ಕಾರ್ನಿವಲ್ ಗೆದ್ದಿತು. 1996ರ ಕಾನೂನು ಜುಂಬಿಯ ಹೆಸರನ್ನು ದೇಶದ ವೀರರ ಪುಸ್ತಕಕ್ಕೆ ಸೇರಿಸಿತು. 2003ರಲ್ಲಿ ನವೆಂಬರ್ 20 ಶಾಲೆಗಳ ಪಂಚಾಂಗಕ್ಕೆ ಬಂತು. 2023ರ ಡಿಸೆಂಬರ್‌ನಲ್ಲಿ ಅದು ರಾಷ್ಟ್ರೀಯ ರಜಾದಿನವಾಯಿತು. ಪೋರ್ತೊ ಅಲೆಗ್ರೆಯ ಆ ಪುಟ್ಟ ಬಳಗದಿಂದ ಇಲ್ಲಿಗೆ 52 ವರ್ಷ.

ಈ ಕಥೆ ಕನ್ನಡನಾಡಿಗೆ ತೀರಾ ದೂರದ್ದೆಂದು ತೋರಬಹುದು. ಹಾಗಲ್ಲ. ಬ್ರೆಜಿಲನ್ನು ಆಳಿದ ಪೋರ್ಚುಗಲ್ಲೇ ಗೋವೆಯನ್ನೂ ಆಳಿತು, ಆಫ್ರಿಕಾದಿಂದ ಜನರನ್ನು ಹಿಡಿದು ಗೋವೆಗೂ ತಂದಿತು. ಅಲ್ಲಿನ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡಿಗೆ ಓಡಿಬಂದವರ ವಂಶದವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ನಮ್ಮ ಸಿದ್ದಿಯರಲ್ಲಿದ್ದಾರೆ. ಪಾಲ್ಮಾರಿಸ್‌ನವರು ಓಡಿದಂತೆಯೇ ಇವರೂ ಅದೇ ದೊರೆತನದ ಚಾಟಿಯಿಂದ ಕಾಡಿಗೆ ಓಡಿದವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ರಂಗಭೂಮಿಯೂ ಅವರಿಗೆ ಹೊಸದಲ್ಲ. 1980ರ ದಶಕದಲ್ಲಿ ನಿರ್ದೇಶಕ ಚಿದಂಬರ ರಾವ್ ಜಂಬೆ ಮಂಚಿಕೇರಿಯ ಸಿದ್ದಿಯರನ್ನೇ ನಟರಾಗಿಸಿ, ಚಿನುವಾ ಅಚೆಬೆಯ ಆಫ್ರಿಕನ್ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕ ಆಡಿಸಿದರು. ಆ ಬಳಿಕ ಸಿದ್ದಿ ಸಮುದಾಯದಿಂದ ನೀನಾಸಂ ರಂಗಶಾಲೆಗೆ ಹೋಗಿ ಕಲಿತು ಬಂದ ಕಲಾವಿದೆಯರೂ ಇದ್ದಾರೆ.

ಜುಂಬಿಯ ನಾಟಕ ಕನ್ನಡಕ್ಕೆ ಬರಬೇಕು. ಅದಕ್ಕೆ ಬೇಕಾದದ್ದು ಹೆಚ್ಚಿಲ್ಲ. ವೇಷಭೂಷಣ ಬೇಡ, ಸೆಟ್ ಬೇಡ, ಹಳ್ಳಿಯ ಶಾಲೆಯ ಅಂಗಳ ಸಾಕು. ಎಡು ಲೋಬೊ ಅವರ ಮಟ್ಟುಗಳನ್ನು ಹಾಗೆಯೇ ಎತ್ತಿಕೊಳ್ಳಬೇಕಿಲ್ಲ. ಅವರು ರೆಸಿಫೆಯ ಮಟ್ಟುಗಳಿಗೆ ಹೋದಂತೆ, ಇಲ್ಲಿ ಸಂಗೀತ ಮಾಡುವವರು ಸಿದ್ದಿಯರ ಡಮಾಮಿ ಕುಣಿತದ ತಾಳದಿಂದ ತೊಡಗಲಿ. ಕೊಂಕಣಿಯೂ ಕನ್ನಡವೂ ಬೆರೆತ ಅವರ ಮಾತಿನಲ್ಲೇ ಸಂಭಾಷಣೆ ಇರಲಿ. ಅರೇನಾದವರು ತಪ್ಪಿದ ಜಾಗದಲ್ಲಿ ನಾವು ತಪ್ಪದಿರಲು ಅವಕಾಶವಿದೆ: ಗಂಗಾ ಜುಂಬಾನ ಒಪ್ಪಂದವನ್ನು ಒಪ್ಪಬೇಕೋ ಬೇಡವೋ ಎಂದು ಪಾಲ್ಮಾರಿಸ್‌ನ ಜನ ವಾದಿಸುವ ದೃಶ್ಯವನ್ನು ಯಲ್ಲಾಪುರದ ಸಿದ್ದಿ ಹೆಂಗಸರೂ ಗಂಡಸರೂ ಬರೆಯಲಿ, ಅವರೇ ಆಡಲಿ. ಕಾಡಿನ ನೆಲದ ಹಕ್ಕಿಗಾಗಿ ಇಂದಿಗೂ ಕಚೇರಿಗೆ ಅಲೆಯುವವರಿಗೆ, ಕೆಲವರಿಗೆ ಕೊಟ್ಟು ಕೆಲವರಿಗೆ ಇಲ್ಲವೆನ್ನುವ ಷರತ್ತು ಎಂಥದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.